ತಂತಿ ಹಾಕಿದ ಕೈ

ಹೊಡೆದೆ ಕಣೇ, ಹೊಡೆದೆ! ಇಲ್ಲ ಅಂದ್ನಾ ನಾನು? ಇಡೀ ಬೀದಿ ನೋಡಿದೆ, ಇಲ್ಲ ಅಂದ್ರೆ ನಡೆಯುತ್ತಾ? ಅಳಿಯ ಅನ್ನೋದನ್ನೂ ಮರೆತು ಗಿರಾಕಿಗಳ ಎದುರಿಗೇ ಕಪಾಳಕ್ಕೆ ಬಿಟ್ಟೆ. ತಪ್ಪು. ಆಯ್ತಾ? ಈ ಬಾಯಲ್ಲಿ ತಪ್ಪು ಅನ್ನೋ ಮಾತನ್ನ ನಿಮ್ಮಮ್ಮ ಸಾಯೋವರೆಗೂ ಕೇಳ್ಲಿಲ್ಲ, ನೀನು ಕೇಳ್ದೆ. ಈಗ ಬಾಗಿಲು ಬಿಟ್ಟು ಒಳಗೆ ಬಾ. ಬೆಳಕಿಗೆ ಅಡ್ಡ ನಿಂತಿದೀಯ.

ಕೂತ್ಕೊ. ಸ್ಟೂಲಿನ ಮೇಲೆ ಗ್ರೀಸ್ ಇರ್ಬೋದು, ಒರೆಸ್ಕೊ... ಕೂರಲ್ವಾ? ನಿಂತೇ ಇರು. ಹಟ ಎಲ್ಲಿಂದ ಬಂತು ಅಂತ ಕೇಳೋ ಹಾಗಿಲ್ಲ, ನನ್ನ ರಕ್ತ ತಾನೇ. ಆದ್ರೆ ನನ್ನನ್ನೇ ನೋಡ್ಬೇಡ ಹಾಗೆ. ನೋಡ್ತಿದೀಯ, ಗೊತ್ತು ನಂಗೆ. ಆ ಕಡೆ ತಿರುಗು ಸ್ವಲ್ಪ.

ಇವತ್ತಾದ್ರೂ ಊಟ ಮಾಡಿದ್ನಾ ಅವನು?

ಹೂಂ... ಮಾಡಿಲ್ಲ.

ನೋಡು ಮಗಾ, ಹೊಡೆದಿದ್ದು ತಪ್ಪು. ಹೊಡೆದ ಕಾರಣ ತಪ್ಪಲ್ಲ! ಡಾಕ್ಟರಮ್ಮನ ಕಾರು ಅಂದ್ರೆ ಏನು ಅಂದ್ಕೊಂಡಿದೀಯ? ಅವರಪ್ಪ ಓಡಿಸಿದ ಗಾಡಿ. ಅದರ ಕಾರ್ಬೊರೇಟರ್ ಮಾಡಿದ ಕಂಪನಿ ಮುಚ್ಚಿ ಯಾವ ಕಾಲ ಆಯ್ತೋ! ದೊಡ್ಡ ದೊಡ್ಡ ಶೋರೂಮಿನವರು ಕೈ ಮುಗಿದು ಕಳಿಸಿದ್ರು. ಕೊನೆಗೆ ಎಲ್ಲಿಗೆ ಬಂದ್ರು? ಈ ತಗಡಿನ ಶೆಡ್ಡಿಗೆ! ಯಾರ ಹತ್ರ? ನಿನ್ನಪ್ಪನ ಹತ್ರ! ಮೂರನೇ ಕ್ಲಾಸೂ ದಾಟದ ನಿನ್ನಪ್ಪ, ಇಂಜಿನ್ನಿಗೆ ಕಿವಿ ಕೊಟ್ಟು ಕಾಯಿಲೆ ಹೇಳ್ತಿದ್ದ...

ಹೇಳ್ತೀನಿ! ಈಗ್ಲೂ ಹೇಳ್ತೀನಿ. ಹೇಳ್ತಿದ್ದ ಅಂತ ಅಂದೆ ಅಷ್ಟೆ, ಬಾಯಿ ತಪ್ಪಿ.

ಏನದು, ನಕ್ಯಾ? ಮೂಗಲ್ಲಿ ಸದ್ದು ಬಂತು.

ಕಾರ್ಬೊರೇಟರಿನ ಜೆಟ್ ಅಂದ್ರೆ ಏನು ಅಂತ ನಿಂಗೆ ಹೇಳ್ಕೊಡ್ಬೇಕಾ? ಈ ಬೆಂಚಿನ ಕೆಳಗೇ ಅಂಬೆಗಾಲಿಟ್ಟವಳು ನೀನು. ಕಾಳಿನಷ್ಟು ಹಿತ್ತಾಳೆ, ನೋಡೋಕೆ ಸ್ಕ್ರೂ ಥರ, ನಡುವೆ ಕೂದಲೆಳೆಯಷ್ಟು ತೂತು. ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಬೇಕೋ ಅಷ್ಟನ್ನೇ ಬಿಡೋದು ಆ ತೂತು. ಕಸ ಕೂತ್ರೆ ಪೆಟ್ರೋಲಲ್ಲಿ ನೆನೆಸು, ಗಾಳಿ ಊದು. ಜಗ್ಗಲಿಲ್ವಾ? ಕುದುರೆ ಬಾಲದ ಕೂದಲು ಪೋಣಿಸಿ ಮೆಲ್ಲಗೆ ಎಳಿ. ಉಕ್ಕಿನ ತಂತಿ ಹಾಕ್ಬಾರ್ದು! ಹಾಕಿದ್ರೆ ತೂತು ಸವೆದು ಅಗಲ ಆಯ್ತು, ಪೆಟ್ರೋಲ್ ಹೆಚ್ಚು ಸುರಿದು ಬರೀ ಹೊಗೆ, ಜೆಟ್ ಸತ್ತ ಹಾಗೆ. ಇದನ್ನ ಹೇಳಿ ಹೇಳಿ ನನ್ನ ಗಂಟಲು ಹರಿದಿದೆ. ತಂತಿ ಹಾಕ್ದವನು ಮೆಕ್ಯಾನಿಕ್ ಅಲ್ಲ, ಕೊಲೆಗಾರ!

ಡಾಕ್ಟರಮ್ಮ ಗಾಡಿ ತಗೊಂಡು ಹೋಗಿ, ಸಂಜೆಗೇ ವಾಪಸ್ ಬಂದ್ರು. ಹಿಂದೆ ಕರೀ ಹೊಗೆ, ಬೀದಿ ತುಂಬ! ಜನ ಮೂಗು ಮುಚ್ಕೊಂಡ್ರು. 'ಏನು ಯಜಮಾನ್ರೇ, ನಿಮ್ಮನ್ನ ನಂಬಿ ಕೊಟ್ಟೆ' ಅಂದ್ರು. ಅಷ್ಟೇ ಅಂದಿದ್ದು. ಬೈದಿದ್ರೂ ತಡ್ಕೋತಿದ್ದೆ. ಅಲ್ಲಿ ಟೈರಿನವನು ನಿಂತಿದ್ದ, ಪೇಂಟಿನವನು ನಿಂತಿದ್ದ, ಎಲ್ಲರೂ ನನ್ನ ಮುಖವನ್ನೇ... ಏನು ಮಾಡ್ಲಿ? ಪಕ್ಕದಲ್ಲಿ ನಿನ್ನ ಗಂಡ ಇದ್ದ. 'ತಂತಿ ಹಾಕಿದೀಯೇನೋ' ಅಂದೆ. ಬಿಟ್ಟೆ ಒಂದು.

ಅವನು ಬಾಯಿ ಬಿಡ್ಬೇಕಿತ್ತು! ನಾನಲ್ಲ ಅನ್ಬೇಕಿತ್ತು! ಕೆನ್ನೆ ಹಿಡ್ಕೊಂಡು ನಿಂತ. ಸುಮ್ಮನಿದ್ದಾನೆ ಅಂದ್ರೆ ಏನರ್ಥ?

ಗೊತ್ತು, ಗೊತ್ತು. ಯಾವ ಶೆಡ್ಡಿನವರೂ ಅವನನ್ನ ಸೇರಿಸ್ಕೊಳ್ತಿಲ್ಲ. ಟೈರಿನವನು ಹೇಳ್ದ. ತಂತಿ ಹಾಕೋನು ಅಂತ ಹೆಸರು ಬಿದ್ದಿದೆ. ನಾನೇನು ಮಾಡ್ಲಿ ಅದಕ್ಕೆ? ಬರ್ಲಿ, ವಾಪಸ್ ಇಟ್ಕೋತೀನಿ. ಇನ್ಮೇಲೆ ಮಾಡಲ್ಲ ಅಂತ ಒಂದು ಮಾತು ಅಂದ್ರೆ ಸಾಕು.

ಏನಂದೆ? ಅವನು ಮಾಡಿಲ್ವಾ? ಗಂಡ ಅಂದ್ರೆ ಇಷ್ಟು ಕುರುಡು ಆಗ್ಬಾರ್ದು! ಸರಿ, ಸಾಕ್ಷಿ ಬೇಕಾ? ಬೆಂಚಿನ ಮೇಲೆ ಬಟ್ಟಲಿದೆ ನೋಡು, ಅದರಲ್ಲೇ ಇದೆ ಆ ಜೆಟ್. ಕೊಡು ಇಲ್ಲಿ. ಯಾಕೆ ಇಷ್ಟು ಹೊತ್ತು? ಹಾಂ, ತಾ.

ಬಾ, ಕಿಟಕಿ ಹತ್ರ ಬಾ. ನೋಡು ಈಗ, ಬೆಳಕಿಗೆ ಹಿಡಿದಿದೀನಿ. ಕಾಣ್ತಾ? ತೂತು ಹೇಗೆ ಬಾಯಿ ಬಿಟ್ಕೊಂಡಿದೆ! ಅಂಚು ಕಿತ್ತು ಹೋಗಿದೆ, ಆನೆ ನುಗ್ಗೋ ಹಾಗಿದೆ! ನಂಗೆ ಇಲ್ಲಿಂದ್ಲೇ ಕಾಣುತ್ತೆ, ನಿನ್ನ ಎಳೇ ಕಣ್ಣಿಗೆ ಕಾಣಲ್ವಾ? ಇದು ತಂತಿ ಅಲ್ದೆ ಇನ್ನೇನೇ?

ಹೂಂ ಅನ್ನು.



ಏನದು, ಕೈ ಯಾಕೆ ಹಿಡೀತೀಯ... ಇನ್ನೊಂದು ಏನೋ ಇಟ್ಟೆ ಅಂಗೈಯಲ್ಲಿ. ಏನಿದು?

ಇರು. ಉಗುರಿಗೆ ಸಿಗುತ್ತೆ. ಇದು... ಇದರ ಬಾಯಿ ತರಿತರಿ ಇದೆ. ಇದು ಜೆಟ್.

ಹಾಗಾದ್ರೆ ಮೊದಲು ಕೊಟ್ಟಿದ್ದು?

ಸ್ಕ್ರೂ... ಬರೀ ಮುಚ್ಚಳದ ಸ್ಕ್ರೂ. ತೂತೇ ಇಲ್ಲ ಇದಕ್ಕೆ.

ಅಪ್ಪನಿಗೇ ಪರೀಕ್ಷೆ ಇಡ್ತೀಯಾ? ಹಾಂ? ಬೆಳಕು ಸರಿ ಇಲ್ಲ ಇವತ್ತು, ಮೋಡ...

ಮೋಡ ಇಲ್ವಾ.

ಕುದುರೆ ಕೂದಲು ಬಗ್ಗುತ್ತೆ ಮಗಾ. ತೂತು ಎಲ್ಲಿದೆ ಅಂತ ಕಂಡ್ರೆ ತಾನೇ ಪೋಣಿಸೋದು? ತಂತಿ ಆದ್ರೆ ನೆಟ್ಟಗಿರುತ್ತೆ, ಚುಚ್ತಾ ಚುಚ್ತಾ ಇದ್ರೆ ತಾನೇ ದಾರಿ ಹುಡುಕ್ಕೊಳ್ಳುತ್ತೆ. ಮೆಲ್ಲಗೆ ಹಾಕಿದೆ ಕಣೇ. ಎಷ್ಟು ಮೆಲ್ಲಗೆ ಅಂದ್ರೆ...

ಅವತ್ತು ಅವನು ಹಿಂದೆ ನಿಂತಿದ್ದ, ಅಲ್ವಾ? ನಾನು ಹಾಕೋವಾಗ. ಉಸಿರು ಕೇಳಿಸ್ತು. ಹೇಳಿದ್ನಾ ನಿಂಗೆ?

ಹೇಳಿಲ್ವಾ? ನಿಂಗೂ ಹೇಳಿಲ್ವಾ?

ಅವನ ಹತ್ರ ಹೋಗೋಣ ನಡಿ. ಟೈರಿನವನನ್ನೂ ಕರಿ, ಪೇಂಟಿನವನನ್ನೂ ಕರಿ. ಅವರೆಲ್ಲಾ ನೋಡ್ತಾ ತಾನೇ ಹೊಡೆದಿದ್ದು, ಅವರೆಲ್ಲಾ ನೋಡ್ತಾನೇ... ಕೈ ಕೊಡು, ಹೊಸಿಲು ಸಿಗ್ತಿಲ್ಲ.

ಏನಾದ್ರೂ ಅನ್ನು. ಬೇಕಾದ್ರೆ ಬೈಯಿ. ಇಷ್ಟು ಹತ್ರ ನಿಂತಿದೀಯ, ಅಳ್ತಿದೀಯೋ, ಕೋಪ ಮಾಡ್ಕೊಂಡಿದೀಯೋ... ನಿನ್ನ ಮುಖ ಕಾಣ್ತಿಲ್ಲ ಮಗಾ ನಂಗೆ.