ಅರ್ಧ ಮಾತ್ರೆಯ ಲೆಕ್ಕ

ಅತ್ತೆಯ ಯಾವ ಮಾತನ್ನೂ ನಂಬದ ಸೊಸೆ, ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಅತ್ತೆಯ ಬಿ.ಪಿ. ಮಾತ್ರೆ ತೆಗೆದುಕೊಂಡು ರಸೀದಿಗೆ ಕಾಯುತ್ತಿದ್ದಳು. ಆ ಕೌಂಟರಿನ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದ ಕನ್ನಡಕದ ಯುವಕ ಮತ್ತು ಅವನ ಮೇಡಂ ಪಕ್ಕದ ಬೆಂಚಿನಲ್ಲಿ ಲ್ಯಾಪ್‌ಟಾಪ್ ತೆರೆದು ಪಿಸುಗುಟ್ಟುತ್ತಿದ್ದರು. ಪಿಸುಮಾತೆಂದರೆ ಸೊಸೆಯ ಕಿವಿ ತಾನಾಗಿ ನೆಟ್ಟಗಾಗುತ್ತಿತ್ತು.

"ಉದ್ದ ದಶಾಂಶನ ಮೊಟಕು ಮಾಡೋ 'ರೌಂಡ್' ಅನ್ನೋ ಆಜ್ಞೆ ಕಂಪ್ಯೂಟರ್ ಭಾಷೆ ಜೊತೆಗೇ ಬಂದಿರೋದಲ್ವಾ? ಅದರ ಕೆಲಸ ಯಾಕಪ್ಪಾ ಬದಲಾಯಿಸ್ದೆ?"

"ಸ್ಟಾಕ್ ಲೆಕ್ಕಕ್ಕೆ ಮೇಡಂ. ಕಾಲು, ಅರ್ಧ ಏನೇ ಬಂದ್ರೂ ಇಡೀ ಮಾತ್ರೆ ಮಾಡುತ್ತೆ, ಅಷ್ಟೇ."

"ಬೇರೆ ಹೆಸರು ಇಡಬಹುದಿತ್ತಲ್ಲ. 'ಸ್ಟಾಕಿಗೆ ಇಡೀ ಮಾತ್ರೆ ಮಾಡು' ಅಂತ."

"ಅಷ್ಟುದ್ದ ಯಾರು ಟೈಪ್ ಮಾಡ್ತಾರೆ? ಈಗ ಎಲ್ಲಾ ಕಡೆ ಒಂದೇ ಪದದಲ್ಲಿ ಮುಗಿಯುತ್ತೆ."

"ಬರೆಯೋ ನಿನಗೆ ಮುಗಿಯುತ್ತೆ. ಓದೋ ನನಗೆ ಇದು ಹಳೇ ರೌಂಡ್ ಅಂತಲೇ ಕಾಣುತ್ತೆ."

"ನಾನೇ ಹೇಳೋಣ ಅಂತಿದ್ದೆ."

"ಯಾವಾಗ?"

ಯುವಕ ಕನ್ನಡಕ ತೆಗೆದು ಒರೆಸತೊಡಗಿದ.

"ಎಲ್ಲಾ ಕಡೆ ಅಂದ್ಯಲ್ಲ, ಪೊಟ್ಟಣದ ಮೇಲೆ ಅಂಟಿಸೋ ಚೀಟಿಗೂ ಇದೇ ರೌಂಡಾ?"

"ಇರಬಾರದು ಮೇಡಂ."

"ಇರಬಾರದೋ, ಇಲ್ವೋ?"

ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು. ಮೇಡಂ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿ ಎದ್ದರು. ಯುವಕ ತಲೆ ತಗ್ಗಿಸಿ ಹಿಂದೆ ಹೋದ.

ಸೊಸೆ ಕೈಯಲ್ಲಿದ್ದ ಪೊಟ್ಟಣ ತಿರುಗಿಸಿದಳು. ಚೀಟಿಯ ಮೇಲೆ 'ಬೆಳಿಗ್ಗೆ ಒಂದು' ಎಂದು ಅಚ್ಚಾಗಿತ್ತು.

"ಡಾಕ್ಟ್ರು ಅರ್ಧ ಅಂದಿದ್ರು ಕಣೇ, ಇಡೀದು ನುಂಗಿದ್ರೆ ತಲೆ ಸುತ್ತುತ್ತೆ" ಎಂದು ಅತ್ತೆ ತಿಂಗಳಿಂದ ಗೋಗರೆಯುತ್ತಿದ್ದರು. ಅದನ್ನೆಲ್ಲ ನಾಟಕವೆಂದುಕೊಂಡ ಸೊಸೆ, ಇವತ್ತು ಬೆಳಿಗ್ಗೆಯೂ ಹಳೇ ಪೊಟ್ಟಣದ ಇಂಥದೇ ಚೀಟಿಯನ್ನು ಮುಖಕ್ಕೆ ಹಿಡಿದು ಇಡೀ ಮಾತ್ರೆ ನುಂಗಿಸಿ ಬಂದಿದ್ದಳು.