ಐವತ್ತೊಂಬತ್ತು ಜನರ ಒಂದೇ ಉತ್ತರ

ಮಾನ್ಯ ಅಧ್ಯಕ್ಷರೇ, ಪ್ರಾಂಶುಪಾಲರೇ, ಸಹೋದ್ಯೋಗಿಗಳೇ, ಊಟದ ಹೊತ್ತು ಮೀರಿದರೂ ಎದ್ದು ಹೋಗದ ಸಭಿಕರೇ,

ವಿದ್ಯಾರ್ಥಿಗಳ ಕಲಿಕೆಯನ್ನು ಅಳೆಯುವುದರಲ್ಲಿ ಈ ವರ್ಷದ ಅತ್ಯುತ್ತಮ ವಿಭಾಗ ನಮ್ಮ ರಸಾಯನಶಾಸ್ತ್ರವಂತೆ. ಗುರಿ ಶೇಕಡ ಎಂಬತ್ತು, ಸಾಧನೆ ತೊಂಬತ್ತೆಂಟು. ವರದಿ ಬರೆದ ಮುಖ್ಯಸ್ಥೆ ನಾನೇ. ಹೇಗೆ ಬರೆದೆ ಎಂದು ಹೇಳಬೇಡವೇ?

ಪ್ರಯೋಗ ಪರೀಕ್ಷೆಯಲ್ಲಿ ಮಕ್ಕಳು ಆ್ಯಸಿಡ್ಡಿಗೆ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ತಿರುಗಿದಾಗ ಅಳತೆ ಬರೆಯಬೇಕು. ಇಪ್ಪತ್ತು ವರ್ಷದಿಂದ ಉತ್ತರ ಹದಿನೆಂಟು ಪಾಯಿಂಟ್ ನಾಲ್ಕು. ಅಣ್ಣನ ಅಂಗಿ ತಮ್ಮನಿಗೆ ಇಳಿದ ಹಾಗೆ ಆ ಸಂಖ್ಯೆ ಹಿರಿಯರ ರೆಕಾರ್ಡ್ ಪುಸ್ತಕದಿಂದ ಕಿರಿಯರಿಗೆ ಇಳಿದಿದೆ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾನೂ ಹಾಗೇ ಪಾಸಾದವಳು. ನಗಬೇಡಿ, ನಿಮ್ಮಲ್ಲಿ ಅರ್ಧ ಜನರೂ ಹಾಗೇ.

ಈ ಸಲ ಐವತ್ತೊಂಬತ್ತು ಮಂದಿ ಅದನ್ನೇ ಬರೆದರು. ಒಬ್ಬಳು ಮಾತ್ರ ಇಪ್ಪತ್ತಮೂರು ಪಾಯಿಂಟ್ ಒಂದು ಎಂದು ಬರೆದಳು. ಫೇಲು ಮಾಡಿದೆ. "ಮೇಡಂ, ನಿಮ್ಮೆದುರೇ ಇನ್ನೊಂದ್ಸಲ ಮಾಡಿ ತೋರಿಸ್ಲಾ?" ಎಂದಳು. "ಊರಿಗೊಂದು ದಾರಿಯಾದ್ರೆ ಎಡವಟ್ಟನಿಗೊಂದು ದಾರಿ. ನಡಿಯಮ್ಮ" ಎಂದೆ. ಲ್ಯಾಬಿನಲ್ಲಿದ್ದವರೆಲ್ಲ ನಕ್ಕರು. ಅವಳು ಅಳಲಿಲ್ಲ, ಅದಕ್ಕೂ ನನಗೆ ಸಿಟ್ಟು ಬಂತು.

ಮೊನ್ನೆ ನಮ್ಮ ಅಟೆಂಡರ್ ಸೀಸೆ ತೊಳೆಯುತ್ತಾ, "ನಾನು ರಜದಲ್ಲಿದ್ದಾಗ ಪರೀಕ್ಷೆಯ ಆ್ಯಸಿಡ್ ನೀವೇ ಬೆರೆಸಿದ್ರಲ್ವಾ ಮೇಡಂ? ಯಾಕೋ ನೀರು ಕಮ್ಮಿಯಾಗಿ ಸ್ಟ್ರಾಂಗ್ ಆಗಿದೆ" ಎಂದರು. ಬಾಗಿಲು ಹಾಕಿಕೊಂಡು ಉಳಿದದ್ದನ್ನು ನಾನೇ ಅಳೆದೆ. ಮೂರು ಸಲ ಅಳೆದೆ. ಮೂರು ಸಲವೂ ಇಪ್ಪತ್ತಮೂರು ಪಾಯಿಂಟ್ ಒಂದು.

ತಪ್ಪು ಬೆರೆಸಿದವಳು ನಾನು. ಅಳೆದವಳನ್ನು ಫೇಲು ಮಾಡಿದೆ, ಅಳೆಯದವರನ್ನು ಪಾಸು ಮಾಡಿದೆ, ಅದಕ್ಕೇ ಈ ಪ್ರಶಸ್ತಿ ಬಂತು. ಎರಡು ದಿನ ಬಾಯಿ ಬಿಡಲಿಲ್ಲ. ಹೇಳಿದರೆ ವಿಭಾಗದ ಮಾನ ಹೋಗುತ್ತದೆ, ಹೇಳದಿದ್ದರೆ ಆ ಹುಡುಗಿಯ ಒಂದು ವರ್ಷ ಹೋಗುತ್ತದೆ. ಇದರಲ್ಲಿ ಯೋಚಿಸುವುದಕ್ಕೆ ಏನಿತ್ತು? ಆದರೂ ಯೋಚಿಸಿದೆ.

ಇವತ್ತು ಬೆಳಿಗ್ಗೆ ಪ್ರಾಂಶುಪಾಲರಿಗೆ ಪತ್ರ ಕೊಟ್ಟಿದ್ದೇನೆ. ಅವರಿನ್ನೂ ಲಕೋಟೆ ಒಡೆದಿಲ್ಲವೆಂದು ಅವರ ನಗುಮುಖವೇ ಹೇಳುತ್ತಿದೆ. ಅವಳನ್ನು ಪಾಸು ಮಾಡಬೇಕು, ಉಳಿದ ಐವತ್ತೊಂಬತ್ತು ಮಂದಿಗೆ ಮರುಪರೀಕ್ಷೆ ಆಗಬೇಕು ಎಂದು ಬರೆದಿದ್ದೇನೆ. ವರದಿಯನ್ನೂ ತಿದ್ದಿದ್ದೇನೆ. ಸಾಧನೆ ಶೇಕಡ ಎರಡು. ನನ್ನ ಸರ್ವಿಸಿನಲ್ಲಿ ನಾನು ಬರೆದ ಮೊದಲ ನಿಜವಾದ ವರದಿ ಇದು.

ಕೊನೆಯ ಸಾಲಿನಲ್ಲಿ ಕೂತಿದ್ದೀಯ, ಕಾಣುತ್ತಿದ್ದೀಯಮ್ಮ. ಅಂದು ಎಲ್ಲರೆದುರು ಹೀಯಾಳಿಸಿದೆ, ಇಂದು ಎಲ್ಲರೆದುರೇ ಹೇಳುತ್ತೇನೆ: ನೀನು ಸರಿ ಇದ್ದೆ. ನನ್ನದು ತಪ್ಪಾಯಿತು.

ಪ್ರಶಸ್ತಿ ಫಲಕವನ್ನು ಮೇಜಿನ ಮೇಲೇ ಬಿಟ್ಟು ಇಳಿಯುತ್ತಿದ್ದೇನೆ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ನಾನು ಕೃತಜ್ಞಳು. ನಮಸ್ಕಾರ.