ಕುವೈತಕ್ಕೆ ಹೊರಟ ಟಗರು

ಹಲೋ... ಹಲೋ... ಯಾರ್ರಿ ಮಾತಾಡೋರು? ತಿಕೋಟಾ ಹೌದಲ್ರಿ? ಗುರುಪಾದಯ್ಯನವರ ಗೊಬ್ಬರದಂಗಡಿ?... ಹಾಂ, ಆತು ಬಿಡ್ರಿ. ಮುಂಜಾನೆ ಎಂಟಕ್ಕ ಬುಕ್ ಮಾಡಿದ ಟ್ರಂಕ್ ಕಾಲ್ ಈಗ ಹನ್ನೆರಡೂವರಿಗೆ ಹತ್ತೈತಿ. ನಡಕೋತ ಬಂದಿದ್ರ ಇಷ್ಟೊತ್ತಿಗೆ ನಿಮ್ಮ ಕಟ್ಟೀಮ್ಯಾಲ ಕುಂತು ನೀರು ಕುಡೀತಿದ್ದೆ...

ನಾನ್ರಿ, ಕುತುಬುದ್ದೀನ. ವಿಜಾಪುರ, ಜೋರಾಪುರ ಪೇಟಿಯಿಂದ. ನಿಮ್ಮ ಮಗ್ಗಲ ಮನಿ ಹಸನಸಾಬರ ಅಕ್ಕನ ಮಗ... ಹೌದು, ಅಂವನೇ. ಕಾಲೇಜ ಕಲತು ಮಂದಿ ದನಿ ತಗಕೋತ ತಿರಗಾಂವ... ಹೌದ್ರಿ, ಹೋದ ವರ್ಷ ನಿಮ್ಮ ದನಿ ತಗದು ನಿಮ್ಮ ಗಿರಾಕಿಗೇ ‘ಗೊಬ್ಬರ ಇಲ್ಲ, ನಾಳೆ ಬಾ’ ಅಂದಾಂವ ನಾನೇ. ಆದ್ರ ಗೊಬ್ಬರ ಇದ್ದಿದ್ದಿಲ್ಲ, ಅದು ಖರೇ ಅಲ್ಲೇನ್ರಿ?... ತಪ್ಪಾತು. ಈಗ ಸ್ವಂತ ದನೀಲೆ ಕೇಳಾಕತ್ತೇನಿ, ಹಸನ ಮಾಮುನ ಒಂದಿಷ್ಟು ಕರೀರಿ. ಭಾಳ ಅರ್ಜಂಟ ಐತಿ...

ಕೈ ಖಾಲಿ ಇಲ್ಲಂತ? ಮಸಾಲಿ ಅರೀಸಾಕತ್ತಾರ? ಇರ್ಲಿ, ಹಂಗೇ ಬರ್ಲಿ. ನನಗ ಇಲ್ಲಿ ಫೋನಿನ್ಯಾಗ ವಾಸನಿ ಬರೂದಿಲ್ಲ...

ಹಲೋ, ಮಾಮು? ಸಲಾಮಲೇಕುಂ. ನಾನು ಕುತುಬ... ಒದರಬ್ಯಾಡ್ರಿ ಮಾಮು. ತಂತಿ ಮ್ಯಾಲ ಬರತೈತಿ ದನಿ, ಗಾಳಿ ಮ್ಯಾಲ ಕಳಸೂದು ಬ್ಯಾಡ... ಎಲ್ಲಾ ಚೊಲೋ. ನಮ್ಮ ಸಬೀರಾ ಅಕ್ಕ, ಭಾವ, ಹುಡುಗಿ ಆಶಾಬಿ ಅಲ್ಲೇ ಅದಾರೇನು?... ಬಬಲೇಶ್ವರಕ್ಕ ಹ್ವಾದ್ರಾ? ಎಷ್ಟೊತ್ತಾತು?...

ಹತ್ತೂವರಿ? ಅಕ್ಕನ್ನ, ಹುಡುಗೀನ ಕುವೈತಕ್ಕ ಕರಕೊಂಡು ಹೋಗೂ ಮುಂದ ಬೀಗರಿಗೆಲ್ಲ ಹೇಳಿ ಬರಾಕ ಭಾವ ಬರದ ಪ್ರೋಗ್ರಾಮ ನನ್ನ ಮುಂದ ಐತಿ ನೋಡ್ರಿ. ಏಳಕ್ಕ ವಿಜಾಪುರ ಬಿಡೂದು. ಏಳೂಕಾಲಕ್ಕ ಇಟ್ಟಂಗಿಹಾಳ, ಚಾ, ಎಂಟು ಮಿನಿಟು. ಎಂಟಕ್ಕ ತಿಕೋಟಾ, ಹಸನ ಮಾಮು, ಅಪ್ಪಿಕೊಳ್ಳೂದು ಮತ್ತು ಅಳೂದು, ಹನ್ನೆರಡು ಮಿನಿಟು. ಆಮ್ಯಾಲ ಬಬಲೇಶ್ವರ, ಅಲ್ಲೆ ಬರೇ ಅಪ್ಪಿಕೊಳ್ಳೂದು. ತಿರುಗಿ ತಿಕೋಟಾ ಮ್ಯಾಲಿಂದ ಊರಿಗೆ. ಆರು ವರ್ಷ ಕುವೈತದಾಗ ಕ್ರೇನು ನಡಿಸಿದ ಮನಶ್ಯಾ, ಬೀಗರನ್ನೂ ಎತ್ತಿ ಇಳಿಸಿ ಮುಂದ ಹೋಗತಾನ... ಇಟ್ಟಂಗಿಹಾಳದಾಗೇ ರೊಟ್ಟಿ ತಿನಿಸಿ ಎರಡು ತಾಸು ಕುಂದರಿಸಿದ್ರಂತ? ಕುಂದರಸ್ತಾರ. ಕಪ್ಪು ಕನ್ನಡಕ ಹಾಕ್ಕೊಂಡು ‘ನಮ್ಮ ಕುವೈತದಾಗ ಹಿಂಗಿಲ್ಲ, ನಮ್ಮ ಕುವೈತದಾಗ ಟೈಮ ಅಂದ್ರ ಟೈಮ’ ಅಂದಿರತಾನ, ಅವರು ಇನ್ನೊಂದು ರೊಟ್ಟಿ ಹಾಕಿರತಾರ...

ಅದು ಹೋಗ್ಲಿ. ಕಾರಿನ್ಯಾಗ ಜಾಗ ಸಾಲದಕ್ಕ, ಪ್ರೋಗ್ರಾಮದಾಗ ಬರದಂಗ ನವಾಬನ್ನ ನಿಮ್ಮ ಮನ್ಯಾಗ ಬಿಟ್ಟು ಹೋಗ್ಯಾರ, ಹೌದಲ್ರಿ?... ಯಾವ ನವಾಬ ಅಂದ್ರ? ಟಗರು ಮಾಮು. ಆಶಾಬಿ ಸಾಕಿದ ಟಗರು. ಉಪ್ಪಿನಕಾಯಿ ಭರಣಿ, ಖಾರದ ಪುಡಿ ಗಂಟು, ಗಿಳಿ ಪಂಜರ ಏರಿಸಿದ ಮ್ಯಾಲ ಡ್ರೈವರ ಮಶಾಕಸಾಬನೇ ಅರ್ಧ ಹೊರಗ ಕುಂತು ಗಾಡಿ ಹೊಡೀತಿದ್ದ, ನಾನೇ ನೋಡೀನಿ...

ಹಾಂ, ಅದೇ ಟಗರಿನ ಕೆಲಸಕ್ಕ ಫೋನ ಮಾಡೀನಿ. ನಿಮಗ ಗೊತ್ತಿಲ್ಲೇನು? ಅದೂ ಕುವೈತಕ್ಕ ಹೊಂಟೈತಿ. ಸೋಮವಾರ ಮುಂಬಯಿಯಿಂದ ಹಡಗ. ದನದ ದವಾಖಾನಿ ಡಾಕ್ಟರ ಸಾಹೇಬರು ಸರ್ಟಿಫಿಕೇಟು ಕೊಟ್ಟಾರ, ಮ್ಯಾಲ ಶಿಕ್ಕಾ ಹೊಡಿಯೂದು ಮರತಾರ. ನಾಳಿಂದ ಅವರು ರಜಾ. ಇವತ್ತು ಐದರೊಳಗ ಟಗರು ಮತ್ತು ಕಾಗದ, ಎರಡೂ ಅವರ ಮುಂದ ನಿಂದರಬೇಕು. ಅದಕ್ಕ ಕಾರು ಬಬಲೇಶ್ವರದಿಂದ ತಿರುಗಿ ಬಂದ ಕೂಡಲೇ...

ನಗಬ್ಯಾಡ್ರಿ. ಖರೇ ಸರ್ಟಿಫಿಕೇಟು. ನಕಲು ಇಲ್ಲೈತಿ, ಓದತೀನಿ ಕೇಳ್ರಿ, ಅವರ ದನೀಲೇ ಓದತೀನಿ. ‘ಈ ಮೂಲಕ ಪ್ರಮಾಣೀಕರಿಸುವುದೇನೆಂದರೆ, ಕುಮಾರಿ ಆಶಾಬಿ ಇವರ ವಶದಲ್ಲಿರುವ, ಎರಡು ಕೊಂಬು ಹಾಗೂ ನಾಲ್ಕು ಕಾಲುಗಳುಳ್ಳ, ನವಾಬ ಎಂಬ ಹೆಸರಿಗೆ ಓಗೊಡುವ ಸದರಿ ಟಗರನ್ನು ನಾನು ಖುದ್ದಾಗಿ ಪರೀಕ್ಷಿಸಿದ್ದೇನೆ.’ ನಡುವ ಒಂದು ಸಾಲು ಬಿಡತೀನಿ, ಕಾರ್ಬನ್ನು ಮೂಡಿಲ್ಲ. ‘ಸದರಿ ಪ್ರಾಣಿಗೆ ಯಾವುದೇ ರೋಗವಿಲ್ಲ. ಸಮುದ್ರಯಾನಕ್ಕೆ ಯೋಗ್ಯವಾಗಿದೆ. ನಡತೆ ಸಾಧಾರಣ.’ ನಡತೆ ಯಾಕ ಸಾಧಾರಣ ಅಂದ್ರ, ಸಹಿ ಮಾಡೂ ಮುಂದ ಡಾಕ್ಟರಿಗೆ ಹಿಂದಿನಿಂದ ಹಾಯ್ತಂತ. ಗಿಳೀದು ಇನ್ನೂ ಮಜಾ. ಅದರ ಕಾಗದದಾಗ ‘ಮಾತನಾಡುತ್ತದೆ’ ಅಂತ ಬರದು, ‘ಏನು ಮಾತನಾಡುತ್ತದೆ’ ಅನ್ನೂ ಮುಂದ ಜಾಗ ಖಾಲಿ ಬಿಟ್ಟಾರ. ಭಾವ ಊರಿಗೆ ಬಂದ ಮ್ಯಾಲ ಅದು ಕಲತ ಮಾತು ಸರಕಾರಿ ಕಾಗದದಾಗ ಬರಿಯೂ ಹಂಗಿಲ್ಲ...

ಮಾಮು?... ಆ ಸಪ್ಪಳ ಏನದು?... ಡೇಗಾ? ಅಷ್ಟು ದೊಡ್ಡ ಅಡಗಿ ಹಂಡೆ ಯಾರ ಮನೀದು?... ನಿಮ್ಮದೇ? ಯಾಕ, ಏನೈತಿ ಇವತ್ತು?...

ಎಷ್ಟು ಮಂದಿಗೆ ಹೇಳೀರಿ?... ಎಪ್ಪತ್ತು?...

ತಡೀರಿ, ತಡೀರಿ. ಒಂದೊಂದೇ ಹೇಳ್ರಿ. ಟಗರಿನ ಮೈ ತೊಳದಿತ್ತು. ಹೌದು. ಕೊಂಬಿಗೆ ಮೆಹಂದಿ. ಹೌದು. ಕೊರಳಿಗೆ ಹಸರ ಅರಿವಿ. ಹೌದು. ಅಕ್ಕ ಹಗ್ಗ ನಿಮ್ಮ ಕೈಯಾಗ ಕೊಟ್ಟು, ಒಂದ ಮಾತೂ ಆಡದ ಕಣ್ಣೊರಸಿಕೊಂಡು ಕಾರು ಹತ್ತಿದ್ಲು... ಹಂಗಾಗಿ ನೀವು ಇದು ಪೀರರ ಕಂದೂರಿ ಟಗರು ಅಂತ ತಿಳಕೊಂಡ್ರಿ. ಹಡಗ ಸುಖರೂಪ ಮುಟ್ಟಲಿ ಅಂತ ಹರಕಿ ಹೊತ್ತಾರ, ನಾವು ಕೊಯ್ದು ಓಣಿಗೆ ಉಣಿಸಬೇಕು. ಹರಕಿ ಪ್ರಾಣಿ ಮುಂದ ಆ ಮಾತು ಎತ್ತಬಾರದು ಅಂತ ಆಕಿ ಹೇಳಲಿಲ್ಲ, ಅದಕ್ಕೇ ನೀವೂ ಕೇಳಲಿಲ್ಲ...

ಮಾಮು, ಮೆಹಂದಿ ಹಚ್ಚಿದಾಕಿ ಆಶಾಬಿ. ಹಡಗ ಹತ್ತೂ ಮುಂದ ಚಂದ ಕಾಣಬೇಕಂತ. ಹಸರ ಅರಿವಿ ಅಕ್ಕನ ಹಳೇ ಜಂಪರಿಂದು, ಅದರಾಗ ಸರ್ಟಿಫಿಕೇಟು ಕಟ್ಟೈತಿ, ಕಾಗದ ಪ್ರಾಣಿ ಸಂಗಾಟೇ ಇರಬೇಕಂತ ಡಾಕ್ಟರು ಹೇಳಿದ್ರು. ಕಣ್ಣೀರು ಕಾರಿನ್ಯಾಗ ಏರಿಸಿದ ಖಾರದ ಪುಡಿ ಗಂಟಿಂದು. ಹೇಳ್ರಿ ಈಗ, ಕೊಯ್ದೀರೋ ಇಲ್ಲೋ?...

‘ಹಂಗಲ್ಲಪಾ’ ಅಂದ್ರ ಏನರ್ಥ? ಕೊಯ್ದೀರಿ ಅಂತೋ, ಇಲ್ಲಂತೋ?...

ಯಾರು? ಆಪರೇಟರಾ? ಮೂರು ಮಿನಿಟು ಆತಾ? ಮುಂದುವರಸ್ರಿ ಅಕ್ಕಾರ, ಇಲ್ಲೊಂದು ಜೀವದ ಪ್ರಶ್ನೆ ಐತಿ... ಹೌದ್ರಿ, ಮನಶ್ಯಾರದಲ್ಲ. ಆದ್ರೂ ಮುಂದುವರಸ್ರಿ...

ಮಾಮು, ಕೇಳ್ರಿ. ಭಾವ ಕುವೈತಕ್ಕ ಹೋದಾಗ ಆಶಾಬಿಗೆ ಎರಡು ವರ್ಷ. ಆರು ವರ್ಷ ಅಪ್ಪ ಅಂದ್ರ ಆಕಿಗೆ ಗ್ವಾಡಿಮ್ಯಾಲಿನ ಫೋಟೋ. ಈಗ ಫೋಟೋ ಇಳದು ಬಂದು ‘ನಡಿ’ ಅಂದ್ರ ಹೆಂಗ ನಡೀತಾಳ? ಇವತ್ತಿಗೂ ‘ಅಪ್ಪ’ ಅನ್ನೂದಿಲ್ಲ, ‘ಅವರು’ ಅಂತಾಳ. ನವಾಬ ಬಂದ್ರ ಬರತೀನಿ, ಇಲ್ಲಂದ್ರ ನೀವು ಹೋಗ್ರಿ ಅಂದಾಳ. ಭಾವ ಮೊದಲ ಸಿಟ್ಟಾದ. ಕುವೈತದಾಗ ಇಳದ ಟಗರಿಗೆ ಯಾರೂ ವೀಸಾ ಕೇಳೂದಿಲ್ಲ, ಕಬಾಬ ಕೇಳತಾರ ಅಂದ. ಆಮ್ಯಾಲ ತಾನೇ ನಾಕು ಸಲ ದವಾಖಾನಿಗೆ ತಿರಗಿ ಈ ಕಾಗದ ಮಾಡಿಸಿಕೊಂಡು ಬಂದ. ಮಗಳು ಅವನ ಮಾರಿ ನೋಡಿ ನಕ್ಕದ್ದು ಅವತ್ತೇ ಮೊದಲು. ಇದು ಬರೇ ಟಗರಲ್ಲ...

ಹಾಂ? ಐತಿ? ಕೊಯ್ದಿಲ್ಲ? ಮುಲ್ಲಾ ಇನ್ನೂ ಬಂದಿಲ್ಲ? ಹಂಗಂತ ಮೊದಲೇ ಹೇಳಬಾರದೇನು... ಎಲ್ಲೈತಿ?... ಅಂಗಡಿ ಮುಂದೇ? ಹಂಗಾದ್ರ ಒಂದು ಕೆಲಸ ಮಾಡ್ರಿ, ರಿಸೀವರು ಅದರ ಬಾಯಿಗೆ ಹಿಡೀರಿ. ನಾ ನವಾಬನ ದನಿ ಕೇಳಬೇಕು. ಹಿಡೀರಿ...

...

ಮಾಮು, ಅದು ನೀವು... ನೀವೇ. ಟಗರು ‘ಬ್ಯಾ’ ಅಂದು ಆಮ್ಯಾಲ ಕೆಮ್ಮೂದಿಲ್ಲ. ವಿಜಾಪುರದ ಮಂದಿ ದನಿ ಎಲ್ಲಾ ತಗದಾಂವ ನಾನು, ನನ್ನ ಮುಂದ ದನಿ ತಗೀತೀರಿ? ಖರೇ ಹೇಳ್ರಿ. ಟಗರು ಎಲ್ಲೈತಿ?...

ಹಿತ್ತಲದಾಗ ಕಟ್ಟೀರಿ. ಜೀವಂತ?... ಜೀವಂತ. ಆತು, ನಂಬತೀನಿ. ಮತ್ತ ಬಿಚ್ಚಿ ತರಾಕ ಏನು ಧಾಡಿ?... ಎಪ್ಪತ್ತು ಮಂದಿ ಮುಂದ ಮರ್ಯಾದಿ? ಬದನಿಕಾಯಿ ಹಾಕ್ರಿ ಮಾಮು, ಅರದ ಮಸಾಲಿ ಬದನಿಕಾಯಿಗೂ ಹತ್ತತೈತಿ...

ಏನಂದ್ರಿ?... ಇನ್ನೊಮ್ಮೆ ಹೇಳ್ರಿ... ‘ಟಗರಿಗೆ ಹಲ್ಲು ನೋಡಿ ವಯಸ್ಸು ಬರೀತಾರ, ಮನಶ್ಯಾಗ ಬರಿಯೂದಿಲ್ಲ.’ ಹಾಂ... ಹೌದು, ಮೂಲ ಕಾಗದದಾಗ ಹಲ್ಲು ನೋಡಿ ನಾಕು ವರ್ಷ ಅಂತ ಬರದಾರ, ನಾ ನೋಡೀನಿ...

ಮಾಮು, ಒಂದು ಕೇಳತೀನಿ. ನಾ ಆ ಸಾಲು ಓದಲೇ ಇಲ್ಲ. ಕಾರ್ಬನ್ನು ಮೂಡಿಲ್ಲ ಅಂತ ಬಿಟ್ಟೆ. ಹಲ್ಲಿಂದು ನಿಮಗ ಹೆಂಗ ಗೊತ್ತಾತು?...

...

ಗಂಟು ಬಿಚ್ಚಿ ಓದೀರಿ. ಕಂದೂರಿ ಟಗರಲ್ಲ ಅಂತ ಗೊತ್ತಿತ್ತು. ಯಾವಾಗ?... ಹನ್ನೊಂದಕ್ಕ. ಎಪ್ಪತ್ತು ಮಂದಿಗೆ ಹೇಳಿ ಬಂದ ಮ್ಯಾಲೋ, ಮೊದಲೋ?... ಮ್ಯಾಲ. ಅಷ್ಟು ಚೊಲೋ...

ಹೇಳ್ರಿ, ಕೇಳಾಕತ್ತೇನಿ... ಹಾಂ... ಹೌದು, ಎರಡು ವರ್ಷಾತು, ನನಗೂ ಗೊತ್ತೈತಿ. ಕುವೈತದಾಗ ವಾಚಮನ್ ಕೆಲಸ ಐತಿ ಅಂತ ಭಾವನೇ ಕಾಗದ ಹಾಕಿದ್ದ. ಪಾಸಪೋರ್ಟಿನ ಅರ್ಜಿ ಮೂರು ಸಲ ತಿರುಗಿ ಬಂತು. ಹುಟ್ಟಿದ ತಾರೀಖಿನ ಮುಂದ ನೀವು ‘ತಿಕೋಟಾ ಕೆರಿ ಒಡೆದ ವರ್ಷ, ಜ್ವಾಳ ಕಾಳು ಕಟ್ಟುವ ಹೊತ್ತಿಗೆ’ ಅಂತ ಬರದಿದ್ರಿ. ನಾ ಅದನ್ನ ಓಣ್ಯಾಗೆಲ್ಲ ನಿಮ್ಮ ದನೀಲೆ ಹೇಳಿ ನಗಿಸೀನಿ... ಹೌದು ಮಾಮು, ನಿಮ್ಮ ಕಿವಿಗೂ ಬಿದ್ದಿರತೈತಿ ಅದು...

ಟಗರಿಗೆ ಒಂಬತ್ತು ದಿನಕ್ಕ ಕಾಗದ ಆತು. ನಿಮಗ ಎರಡು ವರ್ಷಕ್ಕೂ ಆಗಲಿಲ್ಲ. ಅದೇ ನೋವು... ಇಲ್ಲ, ನಗಾಕತ್ತಿಲ್ಲ. ಖರೇ ನಗಾಕತ್ತಿಲ್ಲ...

ಕೇಳ್ರಿ ಮಾಮು. ನೀವು ಕನ್ನಡ ಸಾಲ್ಯಾಗ ನಾಕನೇತ್ತಾ ಓದೀರಲ್ಲ? ಸಾಲೀ ದಫ್ತರದಾಗ ಮಾಸ್ತರು ಯಾವುದೋ ಒಂದು ತಾರೀಖು ಬರದಿರತಾರ. ಅದನ್ನ ಬರಸ್ಕೊಂಡು ಬರೂಣು. ಅರ್ಜಿ ನಾನೇ ತುಂಬತೀನಿ, ನನ್ನ ಸ್ವಂತ ಅಕ್ಷರದಾಗ, ಚ್ಯಾಷ್ಟಿ ಮಾಡದ. ಟಗರು ಬಿಡ್ರಿ. ಅದಕ್ಕೇನು ಗೊತ್ತು ಕುವೈತ ಎಲ್ಲೈತಿ ಅಂತ...

ಮಾಮು?... ಹಾರ್ನು ಅದು, ಮಶಾಕಸಾಬಂದು. ಬಂದ್ರಾ? ಇಷ್ಟ ಲಗೂ? ಮಾಮು, ಹುಡುಗಿ ಇಳಿಯೂದರೊಳಗ ಹೋಗಿ ಹಗ್ಗ ಬಿಚ್ಚ್ರಿ. ಡೇಗ್ ಮ್ಯಾಲ ಏನರೇ ಮುಚ್ಚ್ರಿ, ಆಕಿ ಕಣ್ಣಿಗೆ ಬೀಳಬಾರದು. ಮಾಮು... ಮಾಮು...

ಅಕ್ಕಾರ, ಆರು ಮಿನಿಟು ಆತಾ? ಇನ್ನೊಂದು ಮಿನಿಟು ಇರ್ರಿ, ಕೈ ಮುಗೀತೀನಿ...

ಹಲೋ, ಯಾರು?... ಆಶಾಬಿ? ನೀ ಹೆಂಗ ಫೋನ ಹಿಡದಿ?... ಹಸನ ಅಜ್ಜ ಕೊಟ್ಟು ಓಡಿದ್ರಾ. ಯಾವ ಕಡೆ?... ಹಿತ್ತಲದ ಕಡೆ. ಚೊಲೋ ಆತು... ನವಾಬ ಎಲ್ಲಿ ಅಂತ ನನ್ನ ಕೇಳತೀಯಲ್ಲವ್ವಾ, ನಾ ವಿಜಾಪುರದಾಗ ಅದೀನಿ... ಇರತೈತಿ. ಅಲ್ಲೇ ಇರತೈತಿ... ಎಪ್ಪತ್ತು ತಾಟು ಯಾಕ ಇಟ್ಟಾರ ಅಂದ್ರ... ನಿಮಗ ಹೋಗಿಬರ್ರಿ ಅನ್ನಾಕವ್ವಾ. ಬದನಿಕಾಯಿ ಊಟ...

ಆಶಾಬಿ, ಅಳಬ್ಯಾಡ. ಒಂದಿಷ್ಟು ಸುಮ್ಮನಿರು. ಸುಮ್ಮನಿದ್ದು ಕೇಳು...

ಅದು... ಅದ್ಯಾರು ಈಗ ಒದರಿದ್ದು? ಹಸನ ಅಜ್ಜ ಬಂದ್ರಾ?... ಎಲ್ಲೆ, ನಿನ್ನ ಮುಂದ? ಅವರ ಬಾಯಿ ನೋಡು. ಮುಚ್ಚೈತೋ ತೆರದೈತೋ?... ಮುಚ್ಚೈತಿ? ಗಟ್ಟಿ ಮುಚ್ಚೈತಿ?... ಹಂಗಾದ್ರ ಈ ‘ಬ್ಯಾ’...

ಕೊರಳಿಗೆ ಏನು ಕಟ್ಟಾಕತ್ತಾರ?... ಹಸರ ಗಂಟು. ಕಟ್ಟಲಿ, ಗಟ್ಯಾಗಿ ಕಟ್ಟಲಿ. ನಿಮ್ಮಪ್ಪಗ ಹೇಳು, ಪ್ರೋಗ್ರಾಮ ಹರದು ಒಗದು ಸೀದಾ ದನದ ದವಾಖಾನಿಗೆ... ಏನು? ಹಸನ ಅಜ್ಜ ಕಾರಿನ್ಯಾಗ ನವಾಬನ ಮಗ್ಗಲಕ್ಕ ಕುಂತಾರ? ಯಾಕ?... ಡಾಕ್ಟರಿಗೆ ಹಲ್ಲು ತೋರಸಾಕ?...

ಆಶಾಬಿ, ಇಳಸಬ್ಯಾಡ ಅವರನ್ನ. ಉಪ್ಪಿನಕಾಯಿ ಭರಣಿ ಇಳಸು, ಅವರನ್ನ ಕುಂದರಸು. ನಾ ಐದಕ್ಕ ದವಾಖಾನಿ ಮುಂದ ನಿಂತಿರತೀನಿ, ಡಾಕ್ಟರ ಸಂಗಾಟ ನಾನೇ... ಹಲೋ... ಹಲೋ, ಅಕ್ಕಾರ, ಇನ್ನೊಂದೇ...